ತಲೆಯೊಳಗಿನ ಭೂಪಟ

ನಡುರಾತ್ರಿಯಲ್ಲಿ ಬಾಯಾರಿಕೆಯಾಗಿ ನಿಮಗೆ ಎಚ್ಚರವಾಗುತ್ತದೆ. ದೀಪ ಹಾಕಿದರೆ ಮಗುವಿನ ನಿದ್ದೆ ಕೆಟ್ಟೀತೆಂದು ಕತ್ತಲಲ್ಲಿಯೇ ಏಳುತ್ತೀರಿ. ಮಂಚವನ್ನು ಬಳಸಿಕೊಂಡು, ಬೀರುವಿನ ಮೂಲೆಯನ್ನು ತಪ್ಪಿಸಿ, ಹೊಸ್ತಿಲ ಬಳಿ ಕಾಲೆತ್ತಿ, ನಡುಮನೆಯನ್ನು ದಾಟಿ ಅಡಿಗೆಮನೆಯನ್ನು ಸೇರುತ್ತೀರಿ. ಚಾಚಿದ ಕೈಗೆ ನೀರಿನ ಹೂಜಿ ಸಿಕ್ಕುತ್ತದೆ. ನೀರು ಕುಡಿದು, ಬಂದ ದಾರಿಯಲ್ಲಿಯೇ ಹಿಂದಿರುಗಿ ಮಲಗುತ್ತೀರಿ. ಬೆಳಗ್ಗೆ ಈ ಸಂಚಾರದ ನೆನಪು ಕೂಡ ನಿಮಗೆ ಇರುವುದಿಲ್ಲ. ಆದರೆ ಕಣ್ಣಿಗೆ ಏನೂ ಕಾಣದಿದ್ದಾಗ ಕಾಲಿಗೆ ದಾರಿ ತೋರಿದವರು ಯಾರು?

ಇನ್ನೊಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ನಲವತ್ತು ವರ್ಷಗಳಿಂದ ಒಂದೇ ಬಡಾವಣೆಯಲ್ಲಿ ವಾಸವಾಗಿರುವ ಹಿರಿಯರೊಬ್ಬರು ಸಂಜೆ ತಿರುಗಾಟಕ್ಕೆಂದು ಹೊರಟವರು ಹೊತ್ತು ಮುಳುಗಿದರೂ ಮನೆಗೆ ಬರಲಿಲ್ಲ. ಮಗ ಹುಡುಕುತ್ತ ಹೋದಾಗ, ಮನೆಯಿಂದ ಎರಡೇ ಅಡ್ಡರಸ್ತೆಗಳ ಆಚೆ, ಹಾಲಿನ ಅಂಗಡಿಯ ಮುಂದೆ ಅವರು ಸುಮ್ಮನೆ ನಿಂತಿದ್ದರು. “ಏನಪ್ಪ ಇದು, ದಿನಾ ಓಡಾಡುವ ದಾರಿ! ಮನಸ್ಸನ್ನು ಎಲ್ಲಿಟ್ಟುಕೊಂಡು ನಡೆಯುತ್ತೀರಿ?” ಎಂದು ಮಗ ಗದರಿದ. ಹಿರಿಯರು ನಾಚಿಕೆಯಿಂದ, “ಅಂಗಡಿ ಗೊತ್ತಾಯಿತು ಕಣೋ. ಇಲ್ಲಿಂದ ಯಾವ ಕಡೆಗೆ ತಿರುಗಬೇಕೆಂಬುದೇ ಹೊಳೆಯಲಿಲ್ಲ” ಎಂದರು. ಇದು ಯಾರ ಮನೆಯ ಕಥೆಯೆಂದು ಕೇಳಬೇಕಾಗಿಲ್ಲ. ಎಷ್ಟೋ ಮನೆಗಳಲ್ಲಿ ನಡೆಯುವಂಥದು.

ಕತ್ತಲಲ್ಲಿ ಎಡವದೆ ನಡೆದವರದೂ, ಬೆಳಕಿರುವಾಗಲೇ ದಾರಿ ತಪ್ಪಿದವರದೂ ಒಂದೇ ಪ್ರಶ್ನೆಯ ಎರಡು ಮುಖಗಳು. ನಮ್ಮ ಮಿದುಳಿನಲ್ಲಿ ಒಂದು ಭೂಪಟವಿದೆ. ಅದನ್ನು ಬರೆಯುವ ನರಕೋಶಗಳೂ ಇವೆ. ಕಳೆದ ಅರ್ಧ ಶತಮಾನದಲ್ಲಿ ವಿಜ್ಞಾನಿಗಳು ಇವನ್ನು ಒಂದೊಂದಾಗಿ ಗುರುತಿಸಿದ್ದಾರೆ. ಮಗನ ಗದರಿಕೆಗೆ ಉತ್ತರವೂ ಆ ಶೋಧದಲ್ಲಿಯೇ ಅಡಗಿದೆ.

ಇಲಿಗಳು ಕಲಿಸಿದ ಪಾಠ

ಕಥೆ ಆರಂಭವಾಗುವುದು ಇಲಿಗಳಿಂದ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಲ್ಲಿ ಅನೇಕರು ಪ್ರಾಣಿಯ ಕಲಿಕೆಯೆಂದರೆ ಬರಿಯ ಅಭ್ಯಾಸವೆಂದು ನಂಬಿದ್ದರು. ಚಕ್ರವ್ಯೂಹದಂಥ ಓಣಿಗಳಲ್ಲಿ ಬಿಟ್ಟ ಇಲಿಯು ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ, ಮತ್ತೆ ಎಡಕ್ಕೆ ಎಂದು ತಿರುವುಗಳನ್ನು ಮಣಿಗಳಂತೆ ಪೋಣಿಸಿಕೊಳ್ಳುತ್ತದೆ. ಕೊನೆಯಲ್ಲಿ ಸಿಗುವ ಆಹಾರವೇ ಆ ಸರದ ದಾರ ಎಂಬುದು ಅವರ ಮತ.

ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಎಡ್ವರ್ಡ್ ಟಾಲ್ಮನ್ ಅವರಿಗೆ ಈ ಮಾತು ಸರಿಬೀಳಲಿಲ್ಲ. 1930ರಲ್ಲಿ ಅವರೂ ಅವರ ಸಹೋದ್ಯೋಗಿ ಹಾನ್ಜಿಕ್ ಅವರೂ ಕೂಡಿ ನಡೆಸಿದ ಪ್ರಯೋಗವೊಂದರಲ್ಲಿ ಕೆಲವು ಇಲಿಗಳನ್ನು ಹತ್ತು ದಿನಗಳ ಕಾಲ ಯಾವ ಆಹಾರದ ಆಸೆಯೂ ಇಲ್ಲದೆ ಓಣಿಗಳಲ್ಲಿ ಸುಮ್ಮನೆ ಅಲೆಯಲು ಬಿಟ್ಟರು. ಹನ್ನೊಂದನೆಯ ದಿನ ಕೊನೆಯಲ್ಲಿ ಆಹಾರವನ್ನಿಟ್ಟರು. ಮಾರನೆಯ ದಿನವೇ ಈ ಇಲಿಗಳು, ಮೊದಲಿನಿಂದಲೂ ಆಹಾರ ಪಡೆಯುತ್ತಿದ್ದ ಇಲಿಗಳಿಗೆ ಸರಿಸಮನಾಗಿ ಗುರಿಯನ್ನು ಮುಟ್ಟಿದುವು. ಅಂದರೆ, ಅಲೆಯುತ್ತಿದ್ದ ದಿನಗಳಲ್ಲಿಯೂ ಅವು ಕಲಿಯುತ್ತಲೇ ಇದ್ದುವು. ಕಲಿತುದನ್ನು ತೋರಿಸಲು ಕಾರಣವಿರಲಿಲ್ಲ, ಅಷ್ಟೆ.

1946ರ ಇನ್ನೊಂದು ಪ್ರಯೋಗ ಇದಕ್ಕಿಂತಲೂ ಸೊಗಸಾದುದು. ಇಲಿಗಳು ಸುತ್ತುಬಳಸಿನ ಒಂದು ದಾರಿಯಲ್ಲಿ ಹೋಗಿ ಆಹಾರ ತಿನ್ನುವುದನ್ನು ಕಲಿತ ಮೇಲೆ ಆ ದಾರಿಯನ್ನು ಮುಚ್ಚಿ, ಸೂರ್ಯನ ಕಿರಣಗಳಂತೆ ಹಲವು ದಿಕ್ಕಿಗೆ ಚಾಚಿದ ಹೊಸ ಓಣಿಗಳನ್ನು ತೆರೆದರು. ಅತಿ ಹೆಚ್ಚು ಇಲಿಗಳು ಆರಿಸಿಕೊಂಡುದು ಹಳೆಯ ದಾರಿಯ ಪಕ್ಕದ ಓಣಿಯನ್ನಲ್ಲ. ಆಹಾರವಿದ್ದ ಸ್ಥಳದ ಕಡೆಗೇ ನೆಟ್ಟಗೆ ಸಾಗುವ ಓಣಿಯನ್ನು. ತಿರುವುಗಳ ಸರವನ್ನು ಮಾತ್ರ ಬಾಯಿಪಾಠ ಮಾಡಿದ ಪ್ರಾಣಿಗೆ ಇದು ಸಾಧ್ಯವಿಲ್ಲ. 1948ರಲ್ಲಿ ಟಾಲ್ಮನ್ ತಮ್ಮ ನಿರ್ಣಯವನ್ನು ಪ್ರಕಟಿಸಿದರು: ಇಲಿಯ ತಲೆಯಲ್ಲಿಯೂ ಮನುಷ್ಯನ ತಲೆಯಲ್ಲಿಯೂ ಪರಿಸರದ ಒಂದು ನಕ್ಷೆಯಿದೆ. ಆದರೆ ಆ ನಕ್ಷೆ ಮಿದುಳಿನ ಯಾವ ಮೂಲೆಯಲ್ಲಿದೆಯೆಂದು ತೋರಿಸುವ ಉಪಕರಣ ಅವರ ಬಳಿ ಇರಲಿಲ್ಲ. ಅವರ ಮಾತು ಬಹುಕಾಲ ಒಂದು ಊಹೆಯಾಗಿಯೇ ಉಳಿಯಿತು.

ಕಡಲಕುದುರೆಯ ಆಕಾರದ ಅಂಗ

ಕಿವಿಯ ಮೇಲ್ಭಾಗದ ಒಳಗಡೆ, ಮಿದುಳಿನ ಎರಡು ಪಕ್ಕಗಳಲ್ಲಿಯೂ, ಸುರುಳಿ ಸುತ್ತಿದ ಒಂದು ಪುಟ್ಟ ಅಂಗವಿದೆ. ಹದಿನಾರನೆಯ ಶತಮಾನದ ಇಟಲಿಯ ಅಂಗರಚನಾ ಶಾಸ್ತ್ರಜ್ಞ ಅರಾಂಜಿಯೊ ಅದನ್ನು ಕಂಡು, ಆಕಾರದಲ್ಲಿ ಕಡಲಕುದುರೆಯನ್ನು ಹೋಲುತ್ತದೆಯೆಂದು ಹಿಪೊಕ್ಯಾಂಪಸ್ ಎಂದು ಹೆಸರಿಟ್ಟ. ಹೆಸರು ಬಂದು ಮುನ್ನೂರೈವತ್ತು ವರ್ಷಗಳಾದರೂ ಅದರ ಕೆಲಸವೇನೆಂದು ಸ್ಪಷ್ಟವಾಗಿ ತಿಳಿದಿರಲಿಲ್ಲ. ತಿಳಿದುದು ಒಂದು ದುರಂತದ ಮೂಲಕ.

1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ ಮಿದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ಆತನನ್ನು ಬಹುಕಾಲದಿಂದ ಕಾಡುತ್ತಿದ್ದ ಮೂರ್ಛೆರೋಗವನ್ನು ತಗ್ಗಿಸಲು ವೈದ್ಯರು ಎರಡು ಪಕ್ಕಗಳ ಹಿಪೊಕ್ಯಾಂಪಸ್ಸಿನ ಬಹುಭಾಗವನ್ನೂ ಅದರ ಸುತ್ತಣ ಅಂಗಾಂಶವನ್ನೂ ತೆಗೆದುಹಾಕಿದರು. ಮೂರ್ಛೆ ಕಡಮೆಯಾಯಿತು. ಬುದ್ಧಿ, ಮಾತು, ಸೌಜನ್ಯಗಳು ಹಾಗೆಯೇ ಉಳಿದುವು. ಆದರೆ ಅಂದಿನಿಂದ ಹೊಸ ಅನುಭವ ಯಾವುದೂ ಆತನ ನೆನಪಿನಲ್ಲಿ ನಿಲ್ಲದಾಯಿತು. ಈಗ ತಾನೆ ಮಾತನಾಡಿಸಿ ಹೊರಗೆ ಹೋದವರು ಮತ್ತೆ ಒಳಗೆ ಬಂದರೆ ಅವರು ಆತನಿಗೆ ಹೊಸಬರು. ಕೆನಡದ ಬ್ರೆಂಡ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಆತನನ್ನು ವರ್ಷಾನುಗಟ್ಟಲೆ ಪರೀಕ್ಷಿಸಿದರು. ಶಸ್ತ್ರಚಿಕಿತ್ಸೆ ನಡೆಸಿದ ವೈದ್ಯರೊಡನೆ ಅವರು 1957ರಲ್ಲಿ ಪ್ರಕಟಿಸಿದ ವರದಿಯು ನೆನಪಿಗೂ ಈ ಅಂಗಕ್ಕೂ ಇರುವ ನಂಟನ್ನು ಜಗತ್ತಿಗೆ ತಿಳಿಸಿತು. ಮೊಲೈಸನ್ 2008ರಲ್ಲಿ ತೀರಿಕೊಂಡ. ಆತ ಬದುಕಿರುವಷ್ಟು ಕಾಲವೂ ವಿಜ್ಞಾನದ ಪುಸ್ತಕಗಳಲ್ಲಿ ಆತನ ಹೆಸರು ಎರಡು ಅಕ್ಷರಗಳಲ್ಲಿ ಮಾತ್ರ ಕಾಣುತ್ತಿದ್ದಿತು.

ಹಿಪೊಕ್ಯಾಂಪಸ್ ನೆನಪಿನ ಬಾಗಿಲೆಂದು ಹೀಗೆ ತಿಳಿಯಿತು. ಅದು ದಾರಿಯ ಭೂಪಟವೂ ಹೌದೆಂದು ಕಂಡುಹಿಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಜಾನ್ ಓಕೀಫ್. ಇವರು ಹುಟ್ಟಿದುದು ನ್ಯೂಯಾರ್ಕ್ ನಗರದಲ್ಲಿ, ಐರ್ಲೆಂಡಿನಿಂದ ವಲಸೆ ಬಂದ ತಂದೆತಾಯಿಗಳ ಮಗನಾಗಿ. ಇಲಿಯ ಹಿಪೊಕ್ಯಾಂಪಸ್ಸಿನಲ್ಲಿ ಕೂದಲಿಗಿಂತ ತೆಳುವಾದ ತಂತಿಗಳನ್ನಿಳಿಸಿ, ಇಲಿಯು ತನ್ನ ಪಾಡಿಗೆ ಓಡಾಡುತ್ತಿರುವಾಗ ಒಂದೊಂದು ನರಕೋಶದ ವಿದ್ಯುತ್ ಮಿಡಿತವನ್ನು ಅವರು ಆಲಿಸಿದರು. ಇಲಿಯು ಪೆಟ್ಟಿಗೆಯ ಒಂದು ಮೂಲೆಗೆ ಬಂದಾಗ ಒಂದು ಕೋಶ ಚಟಪಟನೆ ಮಿಡಿಯುತ್ತಿತ್ತು. ಅಲ್ಲಿಂದ ಸರಿದೊಡನೆ ಮೌನ. ನಡುವಿಗೆ ಬಂದಾಗ ಇನ್ನೊಂದು ಕೋಶ; ಇನ್ನೊಂದು ಮೂಲೆಯಲ್ಲಿ ಮತ್ತೊಂದು. ಇಲಿಯು ಎಲ್ಲಿದೆಯೆಂಬುದನ್ನು ಆ ಮಿಡಿತಗಳಿಂದಲೇ ಹೇಳಬಹುದಾಗಿತ್ತು.

1971ರಲ್ಲಿ ಓಕೀಫ್ ತಮ್ಮ ಶಿಷ್ಯ ದೊಸ್ತ್ರೋವ್ಸ್ಕಿಯವರೊಡನೆ ಇದನ್ನು ಪ್ರಕಟಿಸಿದರು. ಈ ಕೋಶಗಳನ್ನು ಸ್ಥಾನಕೋಶಗಳೆನ್ನಬಹುದು. ಒಂದೊಂದು ಕೋಶವೂ ‘ನಾನು ಈಗ ಇಲ್ಲಿದ್ದೇನೆ’ ಎಂದು ಹೇಳುತ್ತದೆ. ಎಲ್ಲವೂ ಸೇರಿ ಆ ಕೋಣೆಯ ಭೂಪಟವಾಗುತ್ತದೆ. ಬೇರೆ ಕೋಣೆಗೆ ಹೋದರೆ ಅದೇ ಕೋಶಗಳು ಬೇರೆ ರೀತಿಯಲ್ಲಿ ಕೂಡಿ ಬೇರೊಂದು ಭೂಪಟವನ್ನು ಬಿಡಿಸುತ್ತವೆ. ವರ್ಣಮಾಲೆಯ ಕೆಲವೇ ಅಕ್ಷರಗಳಿಂದ ಅಸಂಖ್ಯಾತ ಪದಗಳಾಗುವಂತೆಯೇ ಇದು. ಮೊದಮೊದಲು ಹಲವರು ಓಕೀಫರ ಮಾತನ್ನು ನಂಬಲಿಲ್ಲ. ಟಾಲ್ಮನ್ ಊಹಿಸಿದ್ದ ನಕ್ಷೆ ಕೊನೆಗೂ ಕೈಗೆ ಸಿಕ್ಕಿತೆಂಬುದು ಎಲ್ಲರಿಗೂ ಒಪ್ಪಿಗೆಯಾಗಲು ವರ್ಷಗಳೇ ಬೇಕಾದುವು.

ಸಂದು ಚುಕ್ಕಿಯ ರಂಗೋಲಿ

ಆದರೆ ಒಂದು ತೊಡಕು ಉಳಿಯಿತು. ಭೂಪಟವೆಂದ ಮೇಲೆ ದೂರವನ್ನು ಅಳೆಯುವ ಮಾನ ಬೇಕು. ದಿಕ್ಕು ತೋರುವ ಸೂಜಿ ಬೇಕು. ದಿಕ್ಕಿನ ಸೂಜಿ ಮೊದಲು ಸಿಕ್ಕಿತು. 1984ರಲ್ಲಿ ನ್ಯೂಯಾರ್ಕಿನ ಜೇಮ್ಸ್ ರ್‍ಯಾಂಕ್ ಅವರು, ಪ್ರಾಣಿಯು ಎಲ್ಲಿಯೇ ಇರಲಿ, ಅದರ ತಲೆ ಒಂದು ನಿರ್ದಿಷ್ಟ ದಿಕ್ಕಿಗೆ ತಿರುಗಿದಾಗ ಮಾತ್ರ ಮಿಡಿಯುವ ಕೋಶಗಳನ್ನು ಕಂಡರು.

ದೂರದ ಮಾನವನ್ನು ಕಂಡುಹಿಡಿದವರು ನಾರ್ವೆ ದೇಶದವರು. ಎಡ್ವರ್ಡ್ ಮೋಸರ್ ಮತ್ತು ಮೈ-ಬ್ರಿಟ್ ಮೋಸರ್ ಆಗ ದಂಪತಿಗಳು. ಓಕೀಫರ ಪ್ರಯೋಗಶಾಲೆಯಲ್ಲಿ ಕೆಲಕಾಲ ಕೆಲಸ ಕಲಿತು, ಬಳಿಕ ಟ್ರಾಂಡ್‌ಹೈಮ್ ನಗರದಲ್ಲಿ ನೆಲೆಸಿದ್ದರು. ಹಿಪೊಕ್ಯಾಂಪಸ್ಸಿಗೆ ಸುದ್ದಿ ಬರುವುದು ಅದರ ಪಕ್ಕದಲ್ಲಿಯೇ ಇರುವ ಎಂಟೊರೈನಲ್ ಕಾರ್ಟೆಕ್ಸ್ ಎಂಬ ಭಾಗದಿಂದ. ಇದು ನೆನಪಿನ ಮನೆಯ ಹೆಬ್ಬಾಗಿಲು. ಅಲ್ಲಿನ ಕೋಶಗಳನ್ನು ಆಲಿಸಿದಾಗ ಮೋಸರ್ ದಂಪತಿಗಳಿಗೂ ಅವರ ಶಿಷ್ಯರಿಗೂ ಒಂದು ವಿಚಿತ್ರ ಕಂಡಿತು. ಇಲ್ಲಿಯ ಒಂದು ಕೋಶ ಒಂದೇ ಜಾಗದಲ್ಲಿ ಮಿಡಿಯದೆ ಹಲವು ಜಾಗಗಳಲ್ಲಿ ಮಿಡಿಯುತ್ತಿತ್ತು. ಆ ಜಾಗಗಳನ್ನೆಲ್ಲ ಚುಕ್ಕಿಗಳಾಗಿ ಕಾಗದದ ಮೇಲೆ ಗುರುತಿಸಿದಾಗ ಅಚ್ಚುಕಟ್ಟಾದ ಒಂದು ಚಿತ್ತಾರ ಮೂಡಿತು.

ಆ ಚಿತ್ತಾರ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಹೊಸದಲ್ಲ. ಸಂದು ಚುಕ್ಕಿಯ ರಂಗೋಲಿಯಲ್ಲಿ ಒಂದು ಸಾಲಿನ ಎರಡು ಚುಕ್ಕಿಗಳ ನಡುವಣ ಸಂದಿಗೆ ಸರಿಯಾಗಿ ಮುಂದಿನ ಸಾಲಿನ ಚುಕ್ಕಿಯನ್ನಿಡುತ್ತಾರಲ್ಲವೆ? ಅಕ್ಕಪಕ್ಕದ ಮೂರು ಚುಕ್ಕಿಗಳನ್ನು ಸೇರಿಸಿದರೆ ಸಮಬಾಹು ತ್ರಿಕೋನ; ಒಂದು ಚುಕ್ಕಿಯ ಸುತ್ತಲಿನ ಆರನ್ನು ಸೇರಿಸಿದರೆ ಜೇನುಗೂಡಿನ ಕಣ್ಣಿನಂಥ ಷಟ್ಕೋನ. ಇಲಿಯ ಮಿದುಳು ತಾನು ಓಡಾಡುವ ನೆಲದ ಮೇಲೆಲ್ಲ ಇಂಥದೇ ಕಾಣದ ರಂಗೋಲಿಯನ್ನಿಡುತ್ತದೆ. ಕೆಲವು ಕೋಶಗಳ ಚುಕ್ಕಿಗಳು ಒತ್ತಾಗಿವೆ, ಕೆಲವು ಕೋಶಗಳವು ಬಿಡಿಬಿಡಿ. ಪ್ರಾಣಿಯು ಎಷ್ಟು ದೂರ ನಡೆಯಿತು, ಎತ್ತ ತಿರುಗಿತು ಎಂಬುದನ್ನು ಈ ಚುಕ್ಕಿಗಳ ಲೆಕ್ಕದಿಂದ ಮಿದುಳು ಅಳೆಯುತ್ತದೆಂದು ವಿಜ್ಞಾನಿಗಳ ಅಭಿಪ್ರಾಯ. 2005ರಲ್ಲಿ ಪ್ರಕಟವಾದ ಈ ಶೋಧದಲ್ಲಿ ಇನ್ನೊಂದು ಸ್ವಾರಸ್ಯವೂ ಇದ್ದಿತು. ದೀಪವಾರಿಸಿ ಕತ್ತಲು ಮಾಡಿದರೂ ಈ ಜಾಲರಿ ಕೋಶಗಳು ತಮ್ಮ ಚಿತ್ತಾರವನ್ನು ಬಿಡಲಿಲ್ಲ.

ನಡುರಾತ್ರಿಯಲ್ಲಿ ನಿಮ್ಮನ್ನು ಹೂಜಿಯ ಬಳಿಗೆ ಒಯ್ದವರು ಯಾರೆಂದು ಈಗ ತಿಳಿಯಿತಷ್ಟೆ. ಕಣ್ಣು ಸುಮ್ಮನಿದ್ದರೂ, ಇಟ್ಟ ಹೆಜ್ಜೆಗಳನ್ನೂ ತಿರುಗಿದ ದಿಕ್ಕನ್ನೂ ಮಿದುಳು ಎಣಿಸುತ್ತಲೇ ಇರುತ್ತದೆ. ಮನುಷ್ಯರ ಮಿದುಳಿನಲ್ಲಿಯೂ ಈ ಕೋಶಗಳು ಇವೆಯೆಂಬುದಕ್ಕೆ ಆಧಾರಗಳು ದೊರೆತಿವೆ. ಮೂರ್ಛೆರೋಗದ ಚಿಕಿತ್ಸೆಗಾಗಿ ಮಿದುಳಿನಲ್ಲಿ ತಂತಿಗಳನ್ನಿಳಿಸಿದ್ದ ರೋಗಿಗಳು ಗಣಕಯಂತ್ರದ ತೆರೆಯ ಮೇಲೆ ಒಂದು ಕಾಲ್ಪನಿಕ ಪರಿಸರದಲ್ಲಿ ಸಂಚರಿಸುವ ಆಟವಾಡಿದಾಗ, 2003ರಲ್ಲಿ ಸ್ಥಾನಕೋಶಗಳೂ 2013ರಲ್ಲಿ ಜಾಲರಿ ಕೋಶಗಳೂ ಕಂಡುಬಂದುವು. 2014ರ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಅರ್ಧ ಓಕೀಫರಿಗೂ ಉಳಿದರ್ಧ ಮೋಸರ್ ದಂಪತಿಗಳಿಗೂ ಸಂದಿತು.

ಕಾಲಿಗಿಂತ ಮುಂದೆ ನಡೆಯುವ ಮಿದುಳು

ಭೂಪಟ ಇದ್ದುಬಿಟ್ಟರೆ ಸಾಲದು. ಅದನ್ನು ಬಳಸಿ ಮುಂದಿನದನ್ನು ಎಣಿಸಬೇಕು. ಓಣಿ ಕವಲೊಡೆಯುವ ಜಾಗಕ್ಕೆ ಬಂದ ಇಲಿಯು ಕ್ಷಣಕಾಲ ನಿಂತು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಲೆ ತಿರುಗಿಸಿ ನೋಡುವುದನ್ನು ಟಾಲ್ಮನ್ ತಮ್ಮ ಕಾಲದಲ್ಲಿಯೇ ಗಮನಿಸಿದ್ದರು. ಇಲಿಯು ಯೋಚಿಸುತ್ತಿದೆಯೆಂದು ಅವರಿಗೆ ತೋರಿತು. ನಕ್ಕವರೂ ಉಂಟು. 2007ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಜಾನ್ಸನ್ ಮತ್ತು ರೆಡಿಷ್ ಅವರು, ಇಲಿಯು ಹಾಗೆ ನಿಂತ ಕ್ಷಣದಲ್ಲಿ ಸ್ಥಾನಕೋಶಗಳು ಏನು ಮಾಡುತ್ತವೆಂದು ನೋಡಿದರು. ಇಲಿಯು ನಿಂತಲ್ಲಿಯೇ ನಿಂತಿದೆ. ಆದರೆ ಅದರ ಮಿದುಳಿನಲ್ಲಿ ಎಡದಾರಿಯ ಕೋಶಗಳು ಸಾಲಾಗಿ ಮಿಡಿದುವು, ಬಳಿಕ ಬಲದಾರಿಯವು. ಕಾಲಿಡುವ ಮುನ್ನವೇ ಮನಸ್ಸು ಎರಡು ದಾರಿಗಳಲ್ಲಿಯೂ ಹೋಗಿ ಬಂದಿದ್ದಿತು!

ನಿದ್ರೆಯಲ್ಲಿಯೂ ಈ ಕೋಶಗಳಿಗೆ ಬಿಡುವಿಲ್ಲ. ಹಗಲು ಒಟ್ಟಿಗೆ ಮಿಡಿದ ಕೋಶಗಳು ರಾತ್ರಿ ನಿದ್ರೆಯಲ್ಲಿ ಮತ್ತೆ ಒಟ್ಟಿಗೆ ಮಿಡಿಯುವುದನ್ನು 1994ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ತೋರಿಸಿದರು. ಪರೀಕ್ಷೆಗೆ ಓದುವ ಹುಡುಗ ಪಾಠವನ್ನು ಮತ್ತೆ ಮತ್ತೆ ತಿರುವಿಹಾಕುವಂತೆ ಮಿದುಳು ನಡೆದ ದಾರಿಯನ್ನು ತಿರುವಿಹಾಕಿ ನೆನಪನ್ನು ಗಟ್ಟಿಮಾಡಿಕೊಳ್ಳುತ್ತದೆ.

ಮುಂದಿನದನ್ನು ಎಣಿಸುವ ಈ ಚಟ ದಾರಿಗೆ ಮಾತ್ರ ಸೀಮಿತವಲ್ಲ. ಕತ್ತಲಲ್ಲಿ ಮೆಟ್ಟಿಲಿಳಿಯುವಾಗ ಇನ್ನೊಂದು ಮೆಟ್ಟಿಲಿದೆಯೆಂದು ಕಾಲಿಟ್ಟು, ಅದು ನೆಲವಾಗಿದ್ದರೆ ಮೈಯೆಲ್ಲ ಅದುರಿಹೋಗುತ್ತದೆ. ನೆಲ ಹೊಸದಲ್ಲ, ತಪ್ಪಿದುದು ಮಿದುಳಿನ ಎಣಿಕೆ. ನಿಮ್ಮ ಅಂಗಾಲಿಗೆ ಬೇರೊಬ್ಬರು ಕಚಗುಳಿಯಿಟ್ಟರೆ ನಗು ತಡೆಯಲಾಗದು. ನೀವೇ ಇಟ್ಟುಕೊಂಡರೆ ಏನೂ ಅನಿಸದು. ನಮ್ಮ ಕೈ ಮಾಡಲಿರುವುದನ್ನು ಮಿದುಳು ಮೊದಲೇ ಎಣಿಸಿ ಆ ಸ್ಪರ್ಶವನ್ನು ತಗ್ಗಿಸಿಬಿಡುತ್ತದೆಂದು ಲಂಡನ್ನಿನ ವಿಜ್ಞಾನಿಗಳು 1998ರಲ್ಲಿ ತೋರಿಸಿದರು.

ಓದುಗರು ಈಗಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಎರಡು ಹೆಬ್ಬೆರಳುಗಳನ್ನೂ ಮೇಲೆತ್ತಿ, ತೋಳುಗಳನ್ನು ನೀಳವಾಗಿ ಮುಂದಕ್ಕೆ ಚಾಚಿ, ಬೆರಳುಗಳನ್ನು ಒಂದರ ಪಕ್ಕ ಒಂದಿಡಿ. ಎಡಗಣ್ಣನ್ನು ಮುಚ್ಚಿ. ಬಲಗಣ್ಣಿನಿಂದ ಎಡ ಹೆಬ್ಬೆರಳನ್ನೇ ದಿಟ್ಟಿಸುತ್ತ, ಬಲ ಹೆಬ್ಬೆರಳನ್ನು ಮೆಲ್ಲಮೆಲ್ಲನೆ ಬಲಕ್ಕೆ ಸರಿಸಿ. ಮುಕ್ಕಾಲು ಗೇಣಿನಷ್ಟು ಸರಿಯುವಾಗ ಬೆರಳ ತುದಿ ಮಾಯವಾಗುತ್ತದೆ! ಕಣ್ಣಿನ ಹಿಂಭಾಗದಲ್ಲಿ ನರ ಹೊರಡುವ ಜಾಗದಲ್ಲಿ ನೋಟವೇ ಇಲ್ಲ. ಆದರೂ ಅಲ್ಲಿ ಕಪ್ಪು ತೂತು ಕಾಣುವುದಿಲ್ಲ. ಹಿಂದಿನ ಗೋಡೆಯೇ ಹಬ್ಬಿದಂತೆ ಕಾಣುತ್ತದೆ. ಅಕ್ಕಪಕ್ಕವನ್ನು ನೋಡಿ, ಇಲ್ಲಿಯೂ ಗೋಡೆಯೇ ಇದ್ದೀತೆಂದು ಮಿದುಳು ಊಹಿಸಿ ತುಂಬಿಬಿಡುತ್ತದೆ. ನೋಟವೆಂಬುದು ಕಣ್ಣಿಗೆ ಬಿದ್ದ ಬೆಳಕಷ್ಟೇ ಅಲ್ಲ, ಮಿದುಳು ಅರಿವಿಲ್ಲದೆ ಮಾಡುವ ಅನುಮಾನವೂ ಹೌದೆಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹೇಳಿದ್ದರು.

ನಿನ್ನೆಯ ನೆನಪು, ಇಂದಿನ ಸ್ಥಾನ, ನಾಳೆಯ ಎಣಿಕೆ—ಈ ಮೂರೂ ಒಂದೇ ಮನೆಯಲ್ಲಿ ವಾಸಿಸುತ್ತವೆಯೆಂಬುದು 2007ರ ಒಂದು ಅಧ್ಯಯನದಿಂದ ಮನಮುಟ್ಟುವಂತೆ ತಿಳಿಯಿತು. ಲಂಡನ್ನಿನ ಡೆಮಿಸ್ ಹಸಾಬಿಸ್, ಎಲೀನರ್ ಮಗ್ವೈರ್ ಮೊದಲಾದವರು ಹಿಪೊಕ್ಯಾಂಪಸ್ ಕೆಟ್ಟಿದ್ದ ಐವರು ರೋಗಿಗಳಿಗೆ, ಬಿಳಿಯ ಮರಳಿನ ಸುಂದರವಾದ ಕಡಲತೀರದಲ್ಲಿ ನೀವು ಮಲಗಿದ್ದೀರಿ, ಅದನ್ನು ವರ್ಣಿಸಿ ಎಂಬಂಥ ಪ್ರಶ್ನೆಗಳನ್ನು ಕೇಳಿದರು. ಕಡಲು, ಮರಳು, ಆಕಾಶ ಎಂಬ ಬಿಡಿ ಬಿಡಿ ಮಾತುಗಳು ಬಂದುವು; ಆದರೆ ಹೆಚ್ಚಿನವರಿಗೆ ಅವುಗಳನ್ನೆಲ್ಲ ಹಿಡಿದಿಡುವ ಒಂದು ನೆಲೆ ಮನಸ್ಸಿನಲ್ಲಿ ಮೂಡಲಿಲ್ಲ. ಭೂಪಟವನ್ನು ಕಳೆದುಕೊಂಡವರು ಕಳೆದುದನ್ನಷ್ಟೇ ಅಲ್ಲ, ಬರಲಿರುವುದನ್ನು ಚಿತ್ರಿಸಿಕೊಳ್ಳುವ ಶಕ್ತಿಯನ್ನೂ ಕಳೆದುಕೊಂಡಿದ್ದರು.

ಲಂಡನ್ನಿನ ಟ್ಯಾಕ್ಸಿ ಚಾಲಕರು

ಈ ಭೂಪಟ ಹುಟ್ಟಿನಿಂದ ಬಂದಷ್ಟೇ ಇರುತ್ತದೆಯೆ, ಅಥವಾ ಬಳಸಿದಂತೆ ಬೆಳೆಯುತ್ತದೆಯೆ? ಲಂಡನ್ನಿನಲ್ಲಿ ಟ್ಯಾಕ್ಸಿ ಓಡಿಸುವ ಪರವಾನೆ ಪಡೆಯಬೇಕಾದರೆ ನಗರಮಧ್ಯದ ಚೇರಿಂಗ್ ಕ್ರಾಸಿನಿಂದ ಆರು ಮೈಲಿಗಳೊಳಗಿನ ಸುಮಾರು 25,000 ಬೀದಿಗಳನ್ನು ತಲೆಯಲ್ಲಿಟ್ಟುಕೊಂಡು ಕಠಿಣವಾದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಇದಕ್ಕೆ ಮೂರು ನಾಲ್ಕು ವರ್ಷಗಳ ತಯಾರಿ ಬೇಕು. 2000ದಲ್ಲಿ ಮಗ್ವೈರ್ ಮತ್ತು ಸಂಗಡಿಗರು ಇಂಥ 16 ಚಾಲಕರ ಮಿದುಳಿನ ಚಿತ್ರಗಳನ್ನು ತೆಗೆದು ನೋಡಿದರು. ಅವರ ಹಿಪೊಕ್ಯಾಂಪಸ್ಸಿನ ಹಿಂಭಾಗ ಇತರರದಕ್ಕಿಂತ ದೊಡ್ಡದಾಗಿತ್ತು. ಹೆಚ್ಚು ವರ್ಷ ಓಡಿಸಿದವರಲ್ಲಿ ಹೆಚ್ಚು ದೊಡ್ಡದು.

ದೊಡ್ಡ ಹಿಪೊಕ್ಯಾಂಪಸ್ ಇದ್ದವರೇ ಈ ಉದ್ಯೋಗಕ್ಕೆ ಬಂದಿರಬಹುದಲ್ಲವೆ ಎಂದು ಯಾರಾದರೂ ಕೇಳಬಹುದು. ಅದಕ್ಕೂ ಉತ್ತರ ಸಿಕ್ಕಿತು. ಪರೀಕ್ಷೆಗೆ ಓದಲು ತೊಡಗಿದ 79 ಮಂದಿಯನ್ನು ಮೊದಲೇ ಪರೀಕ್ಷಿಸಿ, ವರ್ಷಗಳ ಬಳಿಕ ಮತ್ತೆ ಪರೀಕ್ಷಿಸಿದರು. ಆರಂಭದಲ್ಲಿ ಯಾರಲ್ಲಿಯೂ ವ್ಯತ್ಯಾಸವಿರಲಿಲ್ಲ. ತೇರ್ಗಡೆಯಾದ 39 ಮಂದಿಯಲ್ಲಿ ಮಾತ್ರ ಆ ಭಾಗ ಬೆಳೆದಿತ್ತೆಂದು 2011ರಲ್ಲಿ ಪ್ರಕಟವಾಯಿತು. ವಯಸ್ಸಿಗೆ ಬಂದವರ ಮಿದುಳು ಕೂಡ ದುಡಿಮೆಯಿಂದ ಬದಲಾಗುತ್ತದೆಂಬುದು ಇದರಿಂದ ಸ್ಥಿರಪಟ್ಟಿತು.

ದುಡಿಮೆಯಿಲ್ಲದಿದ್ದರೆ? ಇಂದು ನಮ್ಮ ಕೈಯಲ್ಲಿರುವ ಫೋನೇ ದಾರಿ ಹೇಳುತ್ತದೆ. 2017ರಲ್ಲಿ ಪ್ರಕಟವಾದ ಲಂಡನ್ನಿನ ಇನ್ನೊಂದು ಅಧ್ಯಯನದಲ್ಲಿ 24 ಮಂದಿ ಸೋಹೋ ಬಡಾವಣೆಯ ಬೀದಿಗಳಲ್ಲಿ ತೆರೆಯ ಮೇಲೆ ಸಂಚರಿಸಿದರು. ತಾವೇ ದಾರಿ ಹುಡುಕುವಾಗ, ಕವಲುಗಳು ಹೆಚ್ಚಾಗಿರುವ ಬೀದಿಯನ್ನು ಹೊಕ್ಕೊಡನೆ ಅವರ ಹಿಪೊಕ್ಯಾಂಪಸ್ ಚುರುಕಾಗುತ್ತಿತ್ತು. ಯಂತ್ರ ಹೇಳಿದಂತೆ ತಿರುಗಿದಾಗ ಆ ಚುರುಕು ಕಾಣಲಿಲ್ಲ. ಫೋನು ಕೆಟ್ಟದೆಂದು ಇದರ ಅರ್ಥವಲ್ಲ. ದಾರಿ ಹೇಳಿಸಿಕೊಂಡವನ ಮಿದುಳು ದಾರಿ ಕಂಡುಕೊಂಡವನ ಮಿದುಳಿನ ಕೆಲಸವನ್ನು ಮಾಡುವುದಿಲ್ಲವೆಂಬುದಷ್ಟೇ ಅರ್ಥ.

ಭೂಪಟ ಅಳಿಸತೊಡಗಿದಾಗ

ಹಾಲಿನ ಅಂಗಡಿಯ ಮುಂದೆ ನಿಂತಿದ್ದ ಹಿರಿಯರ ಬಳಿಗೆ ಈಗ ಹಿಂದಿರುಗೋಣ.

1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್‌ಝೈಮರ್, ನೆನಪು ಕಳೆದುಕೊಂಡು ಮಡಿದ ಮಹಿಳೆಯೊಬ್ಬಳ ಮಿದುಳಿನಲ್ಲಿ ತಾವು ಕಂಡ ಗಂಟುಗಳನ್ನೂ ಕಲೆಗಳನ್ನೂ ವಿವರಿಸಿದರು. ಆ ರೋಗ ಇಂದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. 1991ರಲ್ಲಿ ಹೈಕೊ ಬ್ರಾಕ್ ಮತ್ತು ಈವ ಬ್ರಾಕ್ ಎಂಬ ಜರ್ಮನ್ ವಿಜ್ಞಾನಿ ದಂಪತಿಗಳು ಈ ಗಂಟುಗಳು ಮಿದುಳಿನಲ್ಲಿ ಹಬ್ಬುವ ಕ್ರಮವನ್ನು ಹಂತಹಂತವಾಗಿ ಗುರುತಿಸಿದರು. ಮಿದುಳಿನ ಹೊರಪದರದಲ್ಲಿ ಅವು ಮೊದಲು ಕಾಣಿಸಿಕೊಳ್ಳುವುದು ಎಲ್ಲಿ? ಎಂಟೊರೈನಲ್ ಕಾರ್ಟೆಕ್ಸಿನ ಎಡೆಯಲ್ಲಿ. ಮೋಸರ್ ದಂಪತಿಗಳು ಹದಿನಾಲ್ಕು ವರ್ಷಗಳ ಬಳಿಕ ರಂಗೋಲಿಯ ಚುಕ್ಕಿಗಳನ್ನು ಕಂಡ ಹೆಬ್ಬಾಗಿಲಿನಲ್ಲಿಯೇ! ಅಲ್ಲಿಂದ ರೋಗ ಹಿಪೊಕ್ಯಾಂಪಸ್ಸಿಗೆ ಹಬ್ಬುತ್ತದೆ.

ಈ ರೋಗದಲ್ಲಿ ಹೆಸರುಗಳನ್ನು ಮರೆಯುವಂತೆಯೇ ದಾರಿ ತಪ್ಪುವುದೂ ಅನೇಕರಲ್ಲಿ ಮೊದಲ ಹಂತದಲ್ಲಿಯೇ ಕಾಣುವುದೇಕೆಂದು ಇದರಿಂದ ತಿಳಿಯುತ್ತದೆ. ಹಿರಿಯರು ಅಂಗಡಿಯನ್ನು ಗುರುತಿಸಿದರು, ಬೀದಿಯನ್ನು ಗುರುತಿಸಿದರು. ಆದರೆ ಆ ಬೀದಿಯಿಂದ ಮನೆ ಯಾವ ದಿಕ್ಕಿಗಿದೆಯೆಂದು ಹೇಳುವ ಕೋಶಗಳು ಮಿಡಿಯಲಿಲ್ಲ. ಅವರ ಮನಸ್ಸು ಎಲ್ಲಿಯೂ ಹೋಗಿರಲಿಲ್ಲ. ಕಾಲಿಗಿಂತ ಮುಂದೆ ಹೋಗಿ ದಾರಿ ನೋಡಿ ಬರುವ ದೂತ ಆ ದಿನ ಬರಲಿಲ್ಲ, ಅಷ್ಟೆ. ಗದರಿಸುವುದರಿಂದ ಆ ದೂತ ಬರುವವನಲ್ಲ.

ರೋಗವನ್ನು ಬೇಗನೆ ಕಂಡುಹಿಡಿಯಲು ಇದೇ ಸುಳಿವನ್ನು ಬಳಸುವ ಯತ್ನಗಳು ನಡೆದಿವೆ. 2016ರಲ್ಲಿ ಲಂಡನ್ನಿನ ಹ್ಯೂಗೊ ಸ್ಪಿಯರ್ಸ್ ಮುಂತಾದವರು ಹಡಗಿನಲ್ಲಿ ಕುಳಿತು ದಾರಿ ಹುಡುಕುವ ಒಂದು ಫೋನಿನ ಆಟವನ್ನು ಹೊರತಂದರು. ನಲವತ್ತು ಲಕ್ಷಕ್ಕೂ ಹೆಚ್ಚು ಜನ ಅದನ್ನು ಆಡಿದರು. ಆಲ್‌ಝೈಮರ್ ರೋಗದ ಸಂಭವವನ್ನು ಹೆಚ್ಚಿಸುವ ಒಂದು ವಂಶವಾಹಿಯುಳ್ಳವರು, ನೆನಪಿನ ಪರೀಕ್ಷೆಯಲ್ಲಿ ಇತರರಷ್ಟೇ ಚೆನ್ನಾಗಿದ್ದರೂ, ಈ ಆಟದಲ್ಲಿ ಅಗತ್ಯಕ್ಕಿಂತ ಬಳಸುದಾರಿ ಹಿಡಿಯುತ್ತಿದ್ದರೆಂದು 2019ರಲ್ಲಿ ತಿಳಿಯಿತು. ನೆನಪು ಕೆಡುವ ಮುನ್ನವೇ ನಡಿಗೆಯ ದಾರಿ ಸೂಚನೆ ಕೊಟ್ಟೀತೆಂಬುದು ವಿಜ್ಞಾನಿಗಳ ಆಶೆ. ಅದೇ ಆಟದ ಲೆಕ್ಕದಿಂದ 2022ರಲ್ಲಿ ಇನ್ನೊಂದು ಸಂಗತಿಯೂ ಹೊರಬಂದಿತು. ಪಟ್ಟಣದ ಹೊರಗೆ ಬೆಳೆದವರು ದಾರಿ ಹುಡುಕುವುದರಲ್ಲಿ ಒಟ್ಟಿನಲ್ಲಿ ಮುಂದಿದ್ದರು; ಚದುರಂಗದ ಮನೆಗಳಂತೆ ನೇರ ಬೀದಿಗಳಿರುವ ನಗರಗಳಲ್ಲಿ ಬೆಳೆದವರು ಹಿಂದಿದ್ದರು. ಅಂಕುಡೊಂಕಿನ ದಾರಿಯಲ್ಲಿ ಆಡಿ ಬೆಳೆದ ಬಾಲ್ಯ ವ್ಯರ್ಥವಲ್ಲವೆಂದಾಯಿತು.

ನಮ್ಮ ನಾಡಿನಲ್ಲಿಯೂ ಈ ದಿಕ್ಕಿನಲ್ಲಿ ದೊಡ್ಡ ಕೆಲಸವೊಂದು ಸಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳಿನ ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, 45 ವರ್ಷ ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷಾನುವರ್ಷ ಪರೀಕ್ಷಿಸುವ ಗುರಿಯಿಟ್ಟುಕೊಂಡು 2018ರಲ್ಲಿ ಒಂದು ಅಧ್ಯಯನವನ್ನು ಆರಂಭಿಸಿದ್ದಾರೆ. ಪಾಶ್ಚಾತ್ಯ ನಗರವಾಸಿಗಳಿಂದ ಕಲಿತ ಪಾಠ ನಮ್ಮ ಹಳ್ಳಿಯ ರೈತನಿಗೆ ಎಷ್ಟು ಅನ್ವಯಿಸುತ್ತದೆಂಬುದನ್ನು ತಿಳಿಯಲು ಇಂಥ ಅಧ್ಯಯನ ಅವಶ್ಯಕ.

ಮನೆಯವರು ಮಾಡಬೇಕಾದುದು

ಆಲ್‌ಝೈಮರ್ ರೋಗವನ್ನು ಗುಣಪಡಿಸುವ ಔಷಧ ಇನ್ನೂ ದೊರೆತಿಲ್ಲ. ಅದರ ಮುನ್ನಡೆಯನ್ನು ಸ್ವಲ್ಪಮಟ್ಟಿಗೆ ನಿಧಾನಗೊಳಿಸುವ ಹೊಸ ಔಷಧಗಳು ಕೆಲವು ದೇಶಗಳಲ್ಲಿ ಬಳಕೆಗೆ ಬಂದಿವೆ. ಅವು ಆರಂಭದ ಹಂತದಲ್ಲಿರುವವರಿಗೆ ಮಾತ್ರ. ಆದ್ದರಿಂದ ಬೇಗನೆ ಗುರುತಿಸುವುದಕ್ಕೆ ಬೆಲೆಯಿದೆ. ಅದೂ ಅಲ್ಲದೆ, ದಾರಿ ತಪ್ಪಿದವರಿಗೆಲ್ಲ ಇದೇ ರೋಗವೆಂದು ಹೆದರಬೇಕಾಗಿಲ್ಲ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಮನಸ್ಸಿನ ಖಿನ್ನತೆ, ಕೆಲವು ಔಷಧಗಳ ಪರಿಣಾಮ—ಇವುಗಳಿಂದಲೂ ಬುದ್ಧಿಗೆ ಮಂಕು ಕವಿಯಬಹುದು. ಚಿಕಿತ್ಸೆಯಿಂದ ಇವು ಸುಧಾರಿಸಬಹುದು. ವೈದ್ಯರಲ್ಲಿಗೆ ಕರೆದೊಯ್ಯದೆ ‘ವಯಸ್ಸಾಯಿತು’ ಎಂದು ಕೈಬಿಡುವುದು ಅನ್ಯಾಯ.

ಮನೆಯಲ್ಲಿಯೂ ಮಾಡಬಹುದಾದುದು ಕೆಲವುಂಟು. ಹಿರಿಯರ ಕೋಣೆಯ ಮಂಚ, ಕುರ್ಚಿ, ಬೀರುಗಳನ್ನು ಮೇಲಿಂದ ಮೇಲೆ ಸ್ಥಳ ಬದಲಿಸಬೇಡಿ. ನಿಮಗೆ ಅದು ಅಲಂಕಾರ, ಅವರಿಗೆ ಅದು ಉಳಿದಿರುವ ಭೂಪಟ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ದೀಪವಿರಲಿ. ಅಂಗಿಯ ಜೇಬಿನಲ್ಲಿ ಮನೆಯ ವಿಳಾಸದ ಒಂದು ಚೀಟಿಯಿರಲಿ. ತಿರುಗಾಟವನ್ನು ನಿಲ್ಲಿಸಿ ಮನೆಯೊಳಗೆ ಕೂಡಿಹಾಕುವುದಕ್ಕಿಂತ ಜೊತೆಗೊಬ್ಬರು ಹೋಗುವುದು ಮೇಲು. ಮೊಮ್ಮಗನನ್ನು ಕಳುಹಿಸಿ. ದಾರಿಯಲ್ಲಿ ಆತ, “ತಾತ, ಇಲ್ಲಿ ಮೊದಲು ಏನಿತ್ತು?” ಎಂದು ಕೇಳಲಿ. ಹೊಸ ಭೂಪಟ ಮಸುಕಾದವರಲ್ಲಿಯೂ ಬಹುದಿನದ ಹಳೆಯ ನೆನಪುಗಳು ಹೆಚ್ಚು ಕಾಲ ಉಳಿದಿರುತ್ತವೆ. ಈಗ ಅಂಗಡಿಯಿರುವಲ್ಲಿ ಹಿಂದೆ ಇದ್ದ ಬಾವಿ, ಆ ಬಾವಿಯ ಪಕ್ಕದ ಹುಣಿಸೆಮರ ಅವರಿಗೆ ನೆನಪಾದೀತು.

ನಾವು ಮಕ್ಕಳಾಗಿದ್ದಾಗ ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ದಾರಿಯನ್ನು ನಮ್ಮ ತಲೆಯಲ್ಲಿ ಮೊದಲು ಬರೆದುಕೊಟ್ಟವರು ನಮ್ಮ ಕೈಹಿಡಿದು ನಡೆಸಿದ ಇದೇ ಹಿರಿಯರು. ಅವರ ಭೂಪಟ ಮಸುಕಾದ ಸಂಜೆ, ಅವರ ಪಕ್ಕದಲ್ಲಿ ನಿಧಾನವಾಗಿ ನಡೆಯುತ್ತ ಎರಡು ಅಡ್ಡರಸ್ತೆಗಳ ದಾರಿಯನ್ನು ತೋರಿಸುವುದು ನಮಗೆ ಹೆಚ್ಚಿನ ಕೆಲಸವೇನಲ್ಲ.